ಲೀಟರಿಗೆ ಇನ್ನೂರ ನಾಲ್ಕು

ಬೆಳಿಗ್ಗೆ ಏಳು ಗಂಟೆಗೆ ಹೊರಟಿದ್ದ ಹನ್ನೊಂದು ಕಾರುಗಳಲ್ಲಿ ಹತ್ತು ನಿಂತುಹೋಗಿದ್ದವು. ನವಲಗುಂದದಾಚೆ ಎರೆ ಹೊಲಗಳ ನಡುವೆ ಹಾಕಿದ್ದ ಐದು ಕಿಲೋಮೀಟರಿನ ವರ್ತುಲ ರಸ್ತೆಯಲ್ಲಿ ಹನ್ನೊಂದನೆಯದೊಂದೇ ಇನ್ನೂ ಸುತ್ತುತ್ತಿತ್ತು. ಅದರ ಮುಂಭಾಗದ ಗಾಜಿನ ನಳಿಗೆಯಲ್ಲಿ ಪೆಟ್ರೋಲು ಒಂದು ಬೆರಳಿನಷ್ಟು ಉಳಿದಿತ್ತು.

ಅದು ೨೦೪೯ರ ಜನವರಿ. ಬ್ಯಾಟರಿಗೆ ಬೇಕಾದ ಲೋಹಗಳ ಗಣಿಗಳಿದ್ದ ದೇಶಗಳು ರಫ್ತು ನಿಲ್ಲಿಸಿ ಆರು ವರ್ಷವಾಗಿತ್ತು. ವಿದ್ಯುತ್ ಕಾರುಗಳು ದೊಡ್ಡ ನಗರಗಳ ಶ್ರೀಮಂತರ ಪಾಲಾಗಿದ್ದವು. ಉಳಿದವರಿಗೆ ಕುಟುಂಬಕ್ಕೆ ತಿಂಗಳಿಗೆ ಹತ್ತು ಲೀಟರ್ ಪೆಟ್ರೋಲು. ಅದಕ್ಕೆಂದೇ ಸರ್ಕಾರ ಈ ಸ್ಪರ್ಧೆಯನ್ನು ಏರ್ಪಡಿಸಿತ್ತು. ಕಾರಿನಲ್ಲಿ ನಾಲ್ಕು ಜನ ಅಥವಾ ಅಷ್ಟೇ ತೂಕದ ಮರಳಿನ ಚೀಲ ಇರಬೇಕು, ಗಂಟೆಗೆ ಐವತ್ತು ಕಿಲೋಮೀಟರ್ ವೇಗ ಕಾಯ್ದುಕೊಳ್ಳಬೇಕು, ಇಂಧನ ಒಂದೇ ಲೀಟರ್. ಯಾರು ಹೆಚ್ಚು ದೂರ ಹೋಗುತ್ತಾರೋ ಅವರ ತಂತ್ರವನ್ನು ದೇಶದ ಎಲ್ಲ ಕಾರುಗಳಿಗೂ ಅಳವಡಿಸುವುದಾಗಿ ಘೋಷಿಸಲಾಗಿತ್ತು.

ನಲವತ್ತೊಂದನೆಯ ಸುತ್ತಿನಲ್ಲಿ ಕಾರು ನಿಧಾನವಾಗಿ ನಿಂತಿತು. ಇನ್ನೂರ ನಾಲ್ಕು ಕಿಲೋಮೀಟರ್. ಬಾಗಿಲು ತೆರೆದು ಚಾಲಕಿ ಕಸ್ತೂರಿ ಕೊಪ್ಪದ ಇಳಿದಳು. ನಾಲ್ಕು ತಾಸು ಒಂದೇ ಭಂಗಿಯಲ್ಲಿ ಕೂತಿದ್ದರಿಂದ ಕಾಲು ಜೋಮು ಹಿಡಿದಿತ್ತು. ತೀರ್ಪುಗಾರರಲ್ಲಿ ಒಬ್ಬರು ಬಗ್ಗಿ ಸೈಲೆನ್ಸರನ್ನು ಮುಟ್ಟಲು ಹೋಗಿ ಕೈ ಹಿಂತೆಗೆದರು. ಕಾರನ್ನು ರೂಪಿಸಿದ ವಿಜ್ಞಾನಿ ಡಾ. ಸುನಂದಾ ಬಡಿಗೇರ, ಹತ್ತಿರ ಬಂದು, "ಮುಟ್ರಿ, ಏನೂ ಆಗೂದಿಲ್ಲ" ಎಂದಳು. ಅವರು ಮುಟ್ಟಿದರು. ಅದು ನೆರಳಿನಲ್ಲಿಟ್ಟ ತಂಬಿಗೆಯಷ್ಟು ತಣ್ಣಗಿತ್ತು.

ಸುನಂದಾಳ ಶೋಧ ಅದೇ. ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯಲ್ಲಿ ಆರನೆಯ ಒಂದು ಭಾಗ ಮಾತ್ರ ಚಕ್ರ ತಿರುಗಿಸುತ್ತದೆ. ಉಳಿದದ್ದು ಬರೀ ಶಾಖವಾಗಿ ಗಾಳಿಗೆ ಹೋಗುತ್ತದೆ. ಎರಡು ಬಗೆಯ ಹರಳುಗಳನ್ನು ಕೂದಲಿಗಿಂತ ತೆಳುವಾಗಿ ಸಾವಿರಾರು ಪದರಗಳಲ್ಲಿ ಜೋಡಿಸಿ ಅವಳು ಒಂದು ಪೊರೆ ತಯಾರಿಸಿದ್ದಳು. ಅದರ ಒಂದು ಮೈಗೆ ಬಿಸಿ ತಗಲಿ ಇನ್ನೊಂದು ಮೈ ತಂಪಾಗಿದ್ದರೆ ನಡುವೆ ವಿದ್ಯುತ್ ಹರಿಯುತ್ತಿತ್ತು. ಎಂಜಿನ್ನಿಗೂ ಹೊಗೆಕೊಳವೆಗೂ ಈ ಶಾಖಪೊರೆಯನ್ನು ಸುತ್ತಿದರೆ, ವ್ಯರ್ಥವಾಗುತ್ತಿದ್ದ ಬಿಸಿಯೂ ಚಕ್ರಕ್ಕೇ ಮರಳುತ್ತಿತ್ತು. ಧಾರವಾಡದ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಅವಳು ಇದಕ್ಕಾಗಿ ದುಡಿದಿದ್ದಳು. ತಂತ್ರಜ್ಞೆಯಾಗಿ ಸೇರಿದ್ದ ಕಸ್ತೂರಿ ಎಂಟು ವರ್ಷ ಜೊತೆಗಿದ್ದಳು. ವೇಗದ ಮುಳ್ಳು ಒಂದಿಷ್ಟೂ ಅಲುಗದಂತೆ ಗಾಡಿ ಓಡಿಸುವುದರಲ್ಲಿ ಅವಳಂಥವರು ಮತ್ತೊಬ್ಬರಿರಲಿಲ್ಲ.

ಬಹುಮಾನ ಸಮಾರಂಭದಲ್ಲಿ ಮಂತ್ರಿಗಳು, ಐದು ವರ್ಷದಲ್ಲಿ ದೇಶದ ಪೆಟ್ರೋಲು ಬಳಕೆ ಅರ್ಧಕ್ಕಿಳಿಯುತ್ತದೆ ಎಂದರು. ಸುನಂದಾ ಅದನ್ನು ನಂಬಿದಳು. ಲೆಕ್ಕ ಅವಳದೇ ಆಗಿತ್ತು.

೨೦೫೨ರ ಹೊತ್ತಿಗೆ ಶಾಖಪೊರೆ ಕಾರ್ಖಾನೆಗಳಿಂದ ಸುರುಳಿ ಸುರುಳಿಯಾಗಿ ಬರತೊಡಗಿತು. ಹತ್ತು ಲೀಟರಿನಲ್ಲಿ ಜನ ತಿಂಗಳಿಡೀ ಓಡಾಡಿದರು. ಹಿಂದೆ ಕಾರಿನ ಗೊಡವೆಗೇ ಹೋಗದಿದ್ದವರೂ ಕೊಂಡರು. ಪೆಟ್ರೋಲು ಮಿಕ್ಕಿತೆಂದು ಸರ್ಕಾರ ಪಡಿತರದ ಮಿತಿಯನ್ನು ತೆಗೆದುಹಾಕಿತು. ಅರ್ಧ ತಾಸಿನಲ್ಲಿ ಹುಬ್ಬಳ್ಳಿ ಸಿಗುವಾಗ ತಾಲ್ಲೂಕಿಗೊಂದು ದೊಡ್ಡ ಆಸ್ಪತ್ರೆ ಏತಕ್ಕೆಂದು ಅವುಗಳನ್ನು ಒಂದೊಂದಾಗಿ ಮುಚ್ಚಿದರು. ಶಾಲೆಗಳು ಒಂದಾದವು. ಅಂಗಡಿಗಳು ಊರು ಬಿಟ್ಟು ಆರು ಸಾಲಿನ ಹೆದ್ದಾರಿಗೆ ಹೋದವು. ಎಲ್ಲವೂ ದೂರವಾದವು, ಆದರೆ ದೂರವೆಂದು ಯಾರಿಗೂ ಅನ್ನಿಸಲಿಲ್ಲ. ಕಾರಿದ್ದವರಿಗೆ ಅನ್ನಿಸಲಿಲ್ಲ.

೨೦೫೭ರಲ್ಲಿ ಸುನಂದಾ ಒಂದು ದಿನ ಕಸ್ತೂರಿಯ ಊರಾದ ಹಳೇಬೂದಿಹಾಳಕ್ಕೆ ಹೋದಳು. ಆರು ತಿಂಗಳ ಹಿಂದೆ ಕಸ್ತೂರಿ ಚೀಟಿ ಕಳಿಸಿ ಕೆಲಸ ಬಿಟ್ಟಿದ್ದಳು, ಕಾರಣ ಬರೆದಿರಲಿಲ್ಲ. ಮನೆಯಲ್ಲಿ ಒಬ್ಬಳೇ ಇದ್ದ ಕಸ್ತೂರಿ ಬಾಗಿಲು ತೆರೆದು, ಮುಖವನ್ನು ಸ್ವಲ್ಪ ಓರೆ ಮಾಡಿ, ಬಲಗಣ್ಣಿನಿಂದ ಅವಳನ್ನು ಹುಡುಕುವಂತೆ ನೋಡಿದಳು.

"ಅಕ್ಕಾರ? ಬರ್ರಿ, ಒಳಗ ಬರ್ರಿ."

ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಗೆ ಇಳಿದಿತ್ತು. ಚಾಲನಾ ಪರವಾನಗಿ ರದ್ದಾಗಿತ್ತು. ತಿಂಗಳಿಗೊಮ್ಮೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಣ್ಣಿಗೆ ಚುಚ್ಚುಮದ್ದು ತೆಗೆದುಕೊಂಡಿದ್ದರೆ ದೃಷ್ಟಿ ಉಳಿಯುತ್ತಿತ್ತು. ನಾಲ್ಕು ತಿಂಗಳು ಅವಳು ಹೋಗಿರಲಿಲ್ಲ. ಎಡಗಣ್ಣು ಆರಿಹೋಗಿತ್ತು.

"ನನಗ್ಯಾಕ ಹೇಳಲಿಲ್ಲ ನೀ?" ಸುನಂದಾ ಕೇಳಿದಳು.

"ಪ್ರತೀ ತಿಂಗಳಾ ಯಾರನ್ನಂತ ಕೇಳೂದ್ರಿ? ಮೊದಲನೇ ಸಲ ಬಾಜೂ ಮನಿಯವ್ರು ಕರಕೊಂಡು ಹೋದ್ರು. ಎರಡನೇ ಸಲಾನೂ ಹೋದ್ರು. ಮೂರನೇ ಸಲ ಕೇಳಾಕ ಹೋದಾಗ ಅವರ ಮಾರಿ ನೋಡಿ, ಹಂಗ ಸುಮ್ಮನ ಬಂದಿದ್ದೆ ಅಂತ ಹೇಳಿ ತಿರುಗಿ ಬಂದೆ."

"ಬಸ್ಸು?"

"ಬಸ್ಸೆಲ್ಲೈತ್ರಿ? ನಿಂತು ಎರಡು ವರ್ಷಾತು. ದಿನಕ್ಕ ಹದಿನಾಲ್ಕು ಸಲ ಬರ್ತಿತ್ತು, ಆರಾತು, ಒಂದಾತು, ಆಮ್ಯಾಲೆ ಅದೂ ಇಲ್ಲ. ಎಲ್ಲಾರ ಮನೀಗೂ ಕಾರು ಬಂದ್ವು. ಖಾಲಿ ಬಸ್ಸು ಎಷ್ಟಂತ ಓಡಸ್ತಾರ? ಅವರದೂ ತಪ್ಪಲ್ಲ ಬಿಡ್ರಿ."

"ಡ್ರೈವರ್ ಇಲ್ಲದ ತಾನ ಓಡೂ ಗಾಡಿ ಅದಾವಲ್ಲ?"

"ಅವು ಬೆಂಗಳೂರಾಗ. ನಮ್ಮ ಊರಿನ ದಾರಿ ಅವಕ್ಕ ಗೊತ್ತಿಲ್ಲಂತ."

ಕಸ್ತೂರಿ ಚಹಾದ ಲೋಟವನ್ನು ತಡವಿ ಸುನಂದಾಳ ಮುಂದೆ ಸರಿಸಿ ಹೇಳಿದಳು, "ಗಾಡಿ ಮಾತ್ರ ಛಲೋ ಮಾಡಿದ್ವಿ ಅಕ್ಕಾರ. ಹಂತಾ ಗಾಡಿ ನಾ ಮತ್ತ ಓಡಸಲಿಲ್ಲ." ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಸುನಂದಾಳಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಅಂದಿನಿಂದ ಪ್ರತಿ ತಿಂಗಳೂ ಸುನಂದಾಳೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ಬಲಗಣ್ಣು ಎರಡು ವರ್ಷ ತಡೆಯಿತು, ಆಮೇಲೆ ಅದೂ ಮಂಜಾಗುತ್ತಾ ಹೋಯಿತು. ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು ವೈದ್ಯರು. ಹಿಂತಿರುಗುವ ದಾರಿಯಲ್ಲಿ ಹಳ್ಳಿಗಳನ್ನು ಸುನಂದಾ ಎಣಿಸುತ್ತಿದ್ದಳು. ಒಂದೊಂದು ಹಳ್ಳಿಯಲ್ಲೂ ಕಣ್ಣು ಮಂಜಾದವರು, ಕಾಲಿನ ಸ್ವಾಧೀನ ತಪ್ಪಿದವರು, ಗಾಡಿ ಕಲಿಯದೇ ಉಳಿದ ಹೆಂಗಸರು ಎಷ್ಟು ಜನರಿದ್ದಾರೋ ಅವಳಿಗೆ ತಿಳಿಯದು. ಅವಳ ಕಾರಿನಲ್ಲಿ ಅವಳನ್ನು ಬಿಟ್ಟು ಜಾಗವಿದ್ದದ್ದು ಮೂವರಿಗೆ.

೨೦೫೯ರಲ್ಲಿ ಅವಳು ಅಂಕಿಅಂಶಗಳನ್ನು ಹಿಡಿದು ಇಂಧನ ಸಮಿತಿಯ ಅಧ್ಯಕ್ಷ ವಿನಾಯಕ ಶಾನಭಾಗರನ್ನು ಕಂಡಳು. ಕಿಲೋಮೀಟರಿಗೆ ಖರ್ಚಾಗುವ ಪೆಟ್ರೋಲು ಐದನೆಯ ಒಂದು ಭಾಗಕ್ಕಿಳಿದಿತ್ತು. ಜನ ಓಡಿಸುವ ಕಿಲೋಮೀಟರುಗಳು ಒಂಬತ್ತು ಪಟ್ಟಾಗಿದ್ದವು. ಒಟ್ಟಿನಲ್ಲಿ ದೇಶ ಮೊದಲಿಗಿಂತ ಹೆಚ್ಚುಕಡಿಮೆ ಎರಡರಷ್ಟು ಪೆಟ್ರೋಲು ಸುಡುತ್ತಿತ್ತು.

"ಮಿತಿಯನ್ನು ಮತ್ತೆ ತರಬೇಕು," ಎಂದಳು ಸುನಂದಾ. "ಉಳಿದ ಇಂಧನವನ್ನು ಬಸ್ಸುಗಳಿಗೆ ಕೊಡಬೇಕು. ಇಲ್ಲದಿದ್ದರೆ ಶಾಖಪೊರೆಯಿಂದ ಉಳಿತಾಯ ಅನ್ನೋದೇ ಇಲ್ಲ."

ಶಾನಭಾಗರು ಹಾಳೆಗಳನ್ನು ನಿಜವಾಗಿಯೂ ಓದಿದರು. "ನಿಮ್ಮ ಲೆಕ್ಕ ಸರಿ ಇದೆ ಮೇಡಂ," ಎಂದರು. "ಆದರೆ ಈಗ ಮಿತಿ ಹಾಕಿದರೆ ಜನ ಕೆಲಸಕ್ಕೆ ಹೋಗೋದು ಹೇಗೆ? ಅವರ ಕೆಲಸ ಎಂಬತ್ತು ಕಿಲೋಮೀಟರ್ ಆಚೆ ಇದೆ. ಮಗುವಿನ ಶಾಲೆ ನಲವತ್ತು ಕಿಲೋಮೀಟರ್. ಊರೆಲ್ಲ ಆ ಅಳತೆಗೇ ಕಟ್ಟಿಬಿಟ್ಟಿದ್ದೇವೆ. ಹಿಂದಕ್ಕೆ ಬರೋ ದಾರಿ ಇದ್ದರೆ ನೀವೇ ತೋರಿಸಿ." ಸುನಂದಾ ಹಾಳೆಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಸಮಿತಿ ಕಂಡುಕೊಂಡ ದಾರಿ ಇನ್ನೊಂದು ಸ್ಪರ್ಧೆ. ೨೦೬೧ರ ಫೆಬ್ರವರಿಯಲ್ಲಿ ಅದೇ ವರ್ತುಲ ರಸ್ತೆಯಲ್ಲಿ ಮೂವತ್ತೆರಡು ಕಾರುಗಳು ಸುತ್ತಿದವು. ಸುನಂದಾ ಮುಖ್ಯ ತೀರ್ಪುಗಾರಳಾಗಿದ್ದಳು. ಬೆಳಗಾವಿಯ ಎಂಜಿನಿಯರ್ ತೇಜಸ್ವಿನಿ ಹುದ್ದಾರ ಎಂಬ ಮೂವತ್ತರ ಹೆಂಗಸಿನ ಕಾರು ಇನ್ನೂರ ತೊಂಬತ್ತಾರು ಕಿಲೋಮೀಟರ್ ಹೋಯಿತು. ಶಾಖಪೊರೆ ಸುನಂದಾಳದೇ, ಮೈ ಮಾತ್ರ ಬಿದಿರಿನ ನಾರಿನದು, ಎಷ್ಟು ಹಗುರವೆಂದರೆ ಇಬ್ಬರು ಎತ್ತಿ ಸರಿಸಬಹುದಿತ್ತು.

ಪ್ರಮಾಣಪತ್ರಕ್ಕೆ ಸಹಿ ಹಾಕುವ ಮೊದಲು ಸುನಂದಾ ಅವಳನ್ನು ಪಕ್ಕಕ್ಕೆ ಕರೆದು, ಎಲ್ಲವನ್ನೂ ಹೇಳಿದಳು. ಒಂಬತ್ತು ಪಟ್ಟಿನ ಲೆಕ್ಕ ಹೇಳಿದಳು, ಕಸ್ತೂರಿಯ ಕಣ್ಣಿನ ವಿಷಯ ಹೇಳಿದಳು. ತೇಜಸ್ವಿನಿ ಕೊನೆಯವರೆಗೂ ಕೇಳಿಸಿಕೊಂಡಳು.

"ಮೇಡಂ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆವತ್ತು ಇಲ್ಲೇ ನಿಂತು ನಿಮಗ ಯಾರರ ಇದನ್ನ ಹೇಳಿದ್ರ, ನೀವು ಬಿಡ್ತಿದ್ರೇನು?"

"ಇಲ್ಲ," ಎಂದಳು ಸುನಂದಾ.

"ನನಗೂ ಆಗೂದಿಲ್ರಿ. ಏಳು ವರ್ಷ ಆತು ಇದಕ್ಕ ಬಿದ್ದು."

ಅಳತೆಯಲ್ಲಿ ತಪ್ಪಿರಲಿಲ್ಲ. ಸರಿಯಾದ ಅಳತೆಯನ್ನು ಸುಳ್ಳೆಂದು ಬರೆಯಲು ಸುನಂದಾಳಿಗೆ ಕೈ ಬರಲಿಲ್ಲ. ಸಹಿ ಹಾಕದೆ ಎದ್ದುಹೋದರೆ ಇನ್ನೊಬ್ಬ ತೀರ್ಪುಗಾರ ಹಾಕುತ್ತಿದ್ದ. ಅವಳು ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದಳು. ಹೊರಗೆ ಮಂತ್ರಿಗಳು, ಹಿಂದಿನವರಲ್ಲ, ಹೊಸಬರು, ಐದು ವರ್ಷದಲ್ಲಿ ಬಳಕೆ ಅರ್ಧಕ್ಕಿಳಿಯುತ್ತದೆ ಎನ್ನುತ್ತಿದ್ದರು.

ಆ ಮಧ್ಯಾಹ್ನವೇ ಅವಳು ಹಳೇಬೂದಿಹಾಳಕ್ಕೆ ಹೋದಳು. ಕಸ್ತೂರಿಗೆ ಈಗ ಏನೂ ಕಾಣುತ್ತಿರಲಿಲ್ಲ. ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದಳು.

"ಎಷ್ಟು ಬಂತ್ರಿ?"

"ಇನ್ನೂರಾ ತೊಂಬತ್ತಾರು."

"ಯಪ್ಪಾ," ಎಂದಳು ಕಸ್ತೂರಿ, ಮೆಲ್ಲಗೆ. "ನಾ ಸಣ್ಣಾಕಿ ಇದ್ದಾಗ," ಎಂದು ಶುರುಮಾಡಿದಳು, "ಇಪ್ಪತ್ತೈದು ಇಪ್ಪತ್ತಾರನೇ ಇಸವಿ ಇರಬೇಕು. ಮುಂಜಾನೆ ಏಳೂವರಿ ಬಸ್ಸಿಗೆ ಊರಾಗಿನ ಅರ್ಧ ಮಂದಿ ನಿಂತಿರ್ತಿದ್ರು. ಕಾಲಿಡಾಕ ಜಾಗ ಇರ್ತಿರಲಿಲ್ಲ. ಹತ್ತು ನಿಮಿಷ ತಡಾ ಆದ್ರ ಸಾಕು, ಕಂಡಕ್ಟರ್‌ಗೆ ಬೈಗುಳಾನೋ ಬೈಗುಳ. ನಮ್ಮಪ್ಪ ದಿನಾ ಅಂತಿದ್ದ, ಒಂದು ಸ್ವಂತ ಗಾಡಿ ತೊಗೊಂಡ್ರ ಈ ಬಸ್ಸಿನ ಮಾರಿ ನೋಡೂದ ಬ್ಯಾಡ ಅಂತ. ಅಲ್ಲಿ ನಿಂತವ್ರೆಲ್ಲಾ ಹಂಗ ಅಂತಿದ್ರು."

ಆ ವರ್ಷಗಳಲ್ಲಿ ಸುನಂದಾ ಕಾಲೇಜಿನಲ್ಲಿದ್ದಳು. ದಿನವೂ ಹುಬ್ಬಳ್ಳಿಯ ಬಸ್ಸಿಗೆ ಚೀಲ ಎದೆಗವಚಿಕೊಂಡು ನಿಲ್ಲುತ್ತಿದ್ದಳು.

"ನಾನೂ ಅಂತಿದ್ದೆ," ಎಂದಳು.