ಮೂರನೇ ಗಣಿಯ ಕೊನೆಯ ಜಾಡಿ

ಬುಧವಾರ ಬೆಳಿಗ್ಗೆ 9.10ಕ್ಕೆ ಪೆನ್ಸಿಲ್ವೇನಿಯಾದ ಹ್ಯಾರೋಫೋರ್ಡ್ ಠಾಣೆಗೆ ದೂರು ಬಂತು. ಕೊಟ್ಟವರು ಕಲ್ಲಿದ್ದಲು ಪ್ರಯೋಗಾಲಯದ ಮುಖ್ಯಸ್ಥ ಓಕ್ಸ್. ಮುಚ್ಚಿಹೋದ ಮೂರನೇ ಗಣಿಯ ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸಿ ಪರೀಕ್ಷೆಗೆಂದು ಇಟ್ಟಿದ್ದ ಕರಕಲಿನ ಕೊನೆಯ ಇನ್ನೂರು ಗ್ರಾಂ ಕಳುವಾಗಿದೆ. ಜಾಡಿಯಲ್ಲಿ ಬೇರೇನೋ ತುಂಬಿದ್ದಾರೆ.

9.40ಕ್ಕೆ ಇನ್ಸ್‌ಪೆಕ್ಟರ್ ಹ್ರಾಬೊವ್ಸ್ಕಿ ಮತ್ತು ಕಾನ್‌ಸ್ಟೆಬಲ್ ಟಿಬ್ಸ್ ಸ್ಥಳಕ್ಕೆ ಬಂದರು.

“ಬೇರೆ ಅಂತ ಹೇಗೆ ಗೊತ್ತಾಯ್ತು?” ಹ್ರಾಬೊವ್ಸ್ಕಿ ಓಕ್ಸ್‌ರನ್ನು ಕೇಳಿದ.

“ಕುಲುಮೇಲಿಟ್ಟು ಬಿಸಿಗಾಳಿ ಬಿಟ್ಟು, ಅರ್ಧ ಉರಿಯೋಕೆ ಎಷ್ಟು ಹೊತ್ತು ಅಂತ ಅಳೀತೀವಿ. ಈ ಗಣೀದು ಯಾವಾಗ್ಲೂ ನಲವತ್ತು ನಿಮಿಷ. ಇವತ್ತು ಹನ್ನೊಂದೇ. ಬೂದೀನೂ ಕೆಂಪಿಲ್ಲ, ಬಿಳಿ.”

ಟಿಬ್ಸ್ ಕುಲುಮೆಯೊಳಗೆ ಇಣುಕಿದ. “ಹೀರೋ ಜಾಗದಲ್ಲಿ ಡೂಪ್ ಸಾರ್. ಬೆಂಕಿ ಸೀನಲ್ಲಿ ಸಿಕ್ಕಿಬಿದ್ದ.”

“ಜಾಡಿಗೆ ಸೀಲ್ ಹಾಕು. ಮಿಕ್ಕಿದ್ದು ನಿನ್ನ ಬಾಯಿಗೆ.”

ಮಹಜರಿನ ವೇಳೆ ಜಾಡಿಯೊಳಗೆ ಚೀಟಿ ಸಿಕ್ಕಿತು: ‘ಜರಡಿ ಹಿಡಿದು ತೂಗಿದ್ದು. ಮಂಗಳವಾರ, ಸಂಜೆ 4.20. ಐ.ಡಿ.’ ಮಾದರಿಗಳನ್ನು ಮೂವತ್ತೊಂದು ವರ್ಷದಿಂದ ಸಿದ್ಧಪಡಿಸುತ್ತಿದ್ದ ಐರೀನಾ ಡುಬೆಕ್‌ಳ ಅಕ್ಷರ. ಹಿತ್ತಲಲ್ಲಿ, ಆಕೆ ಪ್ರತಿ ಶುಕ್ರವಾರ ಎಲ್ಲರಿಗೂ ಸಾಸೇಜ್ ಸುಡುವ ಒಲೆಯ ಪಕ್ಕ, ಸೌದೆ ಇದ್ದಿಲಿನ ಚೀಲ ಬಾಯಿ ತೆರೆದಿತ್ತು.

10.30ಕ್ಕೆ ವಿಚಾರಣೆ.

“ಕದ್ದು ಸಹಿ ಬೇರೆ ಹಾಕ್ತಾರಾ ಆಂಟಿ?” ಎಂದ ಟಿಬ್ಸ್.

“ತೂಗಿದ್ಮೇಲೆ ಸಹಿ ಹಾಕ್ದೆ ಬಿಡೋಕಾಗುತ್ತೇನಪ್ಪಾ?”

“ಸೌದೆ ಇದ್ದಿಲು ಬೇಗ ಉರಿಯುತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ?” ಹ್ರಾಬೊವ್ಸ್ಕಿ ಕೇಳಿದ.

“ಗೊತ್ತಿತ್ತು. ಬೇರೆ ಗಣೀದು ತುಂಬೋಕೆ ಮನಸ್ಸು ಬರ್ಲಿಲ್ಲ ಸಾರ್. ಅಲ್ಲೂ ಯಾರದೋ ತಮ್ಮ ಇರ್ತಾನೆ.”

ಟಿಬ್ಸ್ ಟೋಪಿ ತೆಗೆದ.

1987ರಲ್ಲಿ ಮೂರನೇ ಗಣಿ ಕುಸಿದಾಗ ಆಕೆಯ ತಮ್ಮ ಮೈಲೋಗೆ ಹತ್ತೊಂಬತ್ತು. ಹೆಣ ಮೇಲೆ ಬರಲಿಲ್ಲ. ಗುಡ್ಡದ ಸ್ಮಶಾನದಲ್ಲಿ ಅವನ ಹೆಸರಿನ ಕಲ್ಲಿದೆ, ಕೆಳಗೆ ಏನೂ ಇಲ್ಲ. ಅವನಿದ್ದ ಜಾಗದ ಕೊನೆಯ ಹಿಡಿಯನ್ನಾದರೂ ಉರಿಯಲು ಬಿಡದೆ ಅಲ್ಲಿ ಹೂಳಬೇಕೆಂದುಕೊಂಡಿದ್ದಳು. ಕರಕಲು ಆಕೆಯ ಊಟದ ಡಬ್ಬಿಯಲ್ಲಿತ್ತು. ತೂಗಿದರು: ಇನ್ನೂರು ಗ್ರಾಂ. ಒಂದು ಚೂರೂ ಕಮ್ಮಿ ಇರಲಿಲ್ಲ.

11.15ಕ್ಕೆ ಐರೀನಾಳ ಬಂಧನ. ಟಿಬ್ಸ್ ಬೇಡಿಯನ್ನು ಜೇಬಿನಿಂದ ಹೊರಗೆ ತೆಗೆಯಲೇ ಇಲ್ಲ. ಮೆಟ್ಟಿಲಿಳಿಯಲು ತೋಳು ಕೊಟ್ಟ.

ಜಪ್ತಿ ಪಟ್ಟಿಯ ಕಡೆಯ ಸಾಲಿನಲ್ಲಿ, ‘ಪ್ರಕರಣ ಮುಗಿದ ಮೇಲೆ ಮಾಲು ಎಲ್ಲಿಗೆ ತಲುಪಬೇಕು’ ಎಂಬಲ್ಲಿ ಹ್ರಾಬೊವ್ಸ್ಕಿ ಪ್ರಯೋಗಾಲಯದ ವಿಳಾಸ ಬರೆಯಹೊರಟ. ಓಕ್ಸ್ ಪೆನ್ನು ಕೇಳಿ ತೆಗೆದುಕೊಂಡರು.

“ಐರೀನಾ, ಮೈಲೋ ಕಲ್ಲು ಎಷ್ಟನೇ ಸಾಲಲ್ಲಿದೆ?”

“ಏಳನೇದು,” ಎಂದಳು. “ಬೇಲಿ ಪಕ್ಕ.”

ಓಕ್ಸ್ ಬರೆದರು. ಕೆಳಗೆ ಸಹಿ ಹಾಕಿದರು.