ಕಂಚುಗಾರರ ಬಾಚಲೆ ಮತ್ತು ಕುಗ್ಗಿಸುವ ಮಾಂತ್ರಿಕ

ಬಹಳ ಹಿಂದೆ, ಬೆಟ್ಟಗಳಿಗೂ ಕಿವಿ ಕೇಳಿಸುತ್ತಿದ್ದ ಕಾಲದಲ್ಲಿ, ಕಿಂಕಿಣಿಪುರ ಎಂಬ ಒಂದು ರಾಜ್ಯವಿತ್ತು. ಅಲ್ಲಿಯ ಅರಸನಿಗೆ ಅರಮನೆಯಿತ್ತು, ಆನೆಯಿತ್ತು, ದಂಡಿತ್ತು, ನೆಮ್ಮದಿಯೊಂದು ಇರಲಿಲ್ಲ. ಊರ ಹೊರಗಿನ ಕರಿಗುಡ್ಡದ ಮೇಲೆ ಮಾರಂಡನೆಂಬ ಮಾಂತ್ರಿಕ ಬಂದು ಕೂತಿದ್ದ. ಅವನು ಬೆತ್ತ ತಾಗಿಸಿದರೆ ಸಾಕು, ಎಂಥ ಆಳೂ ತನ್ನ ಎತ್ತರದ ಹತ್ತರಲ್ಲೊಂದು ಪಾಲಿಗೆ ಇಳಿದು ಗೇಣುದ್ದ ಆಗಿಬಿಡುತ್ತಿದ್ದ. ಹಾಗೆ ಕುಗ್ಗಿದವರನ್ನು ಗಿಳಿಪಂಜರಗಳಲ್ಲಿ ಕೂಡಿಹಾಕಿ, ಗಾಳಿ ಬೀಸುವ ಜಗಲಿಯ ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದ. ಅದು ಅವನ ಶೋಕಿ.

ಇಷ್ಟಾದರೂ ಅವನ ಗುರು ಅವನಿಗೊಂದು ಕಟ್ಟು ಹಾಕಿ ಸತ್ತಿದ್ದ. ಯಾರಾದರೂ ಬಂದು ಕೇಳಿದರೆ ಮೂರು ಪರೀಕ್ಷೆ ಒಡ್ಡಲೇಬೇಕು. ಮೂರರಲ್ಲೂ ಗೆದ್ದವರಿಗೆ ಪಂಜರಗಳನ್ನೆಲ್ಲ ಬಿಟ್ಟುಕೊಡಲೇಬೇಕು. ಅರಸನ ದಳವಾಯಿಗಳು ಹೋದರು, ಗೇಣುದ್ದವಾದರು. ಅರಸನ ಇಬ್ಬರು ಮಕ್ಕಳು ಹೋದರು, ಅವರೂ ಗೇಣುದ್ದವಾದರು. ಕೊನೆಗೆ ಕಂಚುಗಾರರ ಕೇರಿಯ ಈಚಣ್ಣ ಹೋದ. ಕುಲುಮೆಯ ಬಿಸಿ ಒಗ್ಗದೆ, ಕುಲಕಸುಬು ಬಿಟ್ಟು ಕತ್ತಿ ಹಿಡಿದಿದ್ದವನು ಅವನು. ಬೆಳಗ್ಗೆ ಹೋದವನು ಮಧ್ಯಾಹ್ನವಾದರೂ ಬರಲಿಲ್ಲ.

ಈಚಣ್ಣನ ತಂಗಿ ಬಾಚಲೆ ಗಂಟೆಯ ಅಚ್ಚಿಗೆ ಮೇಣ ಮೆತ್ತುತ್ತಿದ್ದಳು. ಸುದ್ದಿ ಕೇಳಿ ಕೈ ತೊಳೆಯದೆಯೇ ಗುಡ್ಡ ಹತ್ತಿದಳು.

ಜಗಲಿಯ ತುದಿಯ ಪಂಜರದಲ್ಲಿ ಅಣ್ಣ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಹಲ್ಲು ಕಟಕಟ ಎನ್ನುತ್ತಿತ್ತು. ಬಾಚಲೆಗೆ ತಾನು ಎರೆಯುವ ಗಂಟೆಗಳ ನೆನಪಾಯಿತು. ಕಿರುಗಂಟೆ ಅಚ್ಚಿನಿಂದ ಬಂದರೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ತಣ್ಣಗಾಗುತ್ತದೆ, ದೊಡ್ಡ ಗಂಟೆ ಮರುದಿನವೂ ಕೈ ಸುಡುತ್ತದೆ. ಅಣ್ಣನ ಮೈಚರ್ಮ ನೂರರಲ್ಲೊಂದು ಪಾಲಾಗಿತ್ತು; ಅದರೊಳಗಿನ ಬಿಸಿ ರಕ್ತಮಾಂಸ ಸಾವಿರದಲ್ಲೊಂದು ಪಾಲಾಗಿತ್ತು. ಇಷ್ಟೇ ಬಿಸಿ, ಅದು ಸೋರಿಹೋಗಲು ಅಷ್ಟೊಂದು ಚರ್ಮ ಎಂದರೆ ಈ ಗಾಳಿಯಲ್ಲಿ ಸಂಜೆಯವರೆಗೂ ಉಳಿಯುವಂತಿರಲಿಲ್ಲ. ಅರಸನ ಮಕ್ಕಳಿಗೂ ದಳವಾಯಿಗಳಿಗೂ ಹೊದೆಯಲು ದಪ್ಪ ಶಾಲುಗಳಿದ್ದವು, ಅಣ್ಣನ ಮೈಮೇಲೆ ಬರೀ ತೆಳು ಪಂಚೆ. ಹಲಗೆಯ ಆಚೆ ತುದಿಯಲ್ಲಿ ನಾಲ್ಕು ಪಂಜರಗಳು ಸದ್ದಿಲ್ಲದೆ ಬಿದ್ದಿದ್ದವು. ಅವಳು ಆ ಕಡೆ ನೋಡಲಿಲ್ಲ.

"ನನಗೂ ಪರೀಕ್ಷೆ ಇಡು. ಬೇಗ ಇಡು," ಎಂದಳು.

ಮಾರಂಡ ಹೊಟ್ಟೆ ಸವರಿಕೊಂಡ. "ನಿನ್ನ ಅಣ್ಣನಿಗೂ ಹೀಗೇ ಅವಸರ ಇತ್ತು ಕಣಮ್ಮ. ಬಾ."

ಅಂಗಳದಲ್ಲಿ ಎರಡು ಕಲ್ಲಾನೆಗಳು ನಿಂತಿದ್ದವು. ಒಂದು ಒಂದು ಮೊಳ ಎತ್ತರ, ಇನ್ನೊಂದು ಮೂರು ಮೊಳ. ಸೊಂಡಿಲಿನಿಂದ ಬಾಲದವರೆಗೆ ಎಲ್ಲವೂ ಸರಿಯಾಗಿ ಮೂರು ಪಟ್ಟು. ಚಿಕ್ಕದರ ಮೈಗೆ ಚಿನ್ನದ ತಗಡು ಅಂಟಿಸಿತ್ತು.

"ಮರಿಗೆ ಒಂದು ಹಾಳೆ ಹಿಡಿಯಿತು. ದೊಡ್ಡದಕ್ಕೆ ಎಷ್ಟು ಬೇಕೋ ಅಷ್ಟು ಎತ್ತಿಕೊ. ಒಂದು ಹಾಳೆ ಹೆಚ್ಚಾದರೂ, ಒಂದು ಕಡಿಮೆಯಾದರೂ ಆನೆಗೆ ಜೀವ ಬರುತ್ತೆ. ಆಮೇಲೆ ನಿನ್ನ ಪಾಡು."

ಪಂಜರದಿಂದ ಅಣ್ಣನ ದನಿ ಸೊಳ್ಳೆಯ ಸದ್ದಿನಷ್ಟು ಸಣ್ಣಗೆ ಬಂತು: "ನಾನು ಮೂರು ಎತ್ತಿದೆ ಕಣೆ."

ಅಯ್ಯೋ ಅಣ್ಣ, ಎಂದು ಬಾಚಲೆ ಮನಸ್ಸಿನಲ್ಲೇ ಮರುಗಿದಳು. ತಗಡು ಹೊದಿಸುವವರ ಮನೆಯಲ್ಲಿ ಹುಟ್ಟಿ ಕತ್ತಿ ಹಿಡಿದರೆ ಇನ್ನೇನಾಗುತ್ತದೆ? ಚರ್ಮ ಉದ್ದಕ್ಕೆ ಮಾತ್ರ ಬೆಳೆಯುವುದಿಲ್ಲ, ಅಗಲಕ್ಕೂ ಬೆಳೆಯುತ್ತದೆ. ಉದ್ದಕ್ಕೆ ಮೂರು, ಅಗಲಕ್ಕೆ ಮೂರು. ಅವಳು ಒಂಬತ್ತು ಹಾಳೆ ಎಣಿಸಿ ಎತ್ತಿಕೊಂಡಳು. ಒಂದೊಂದಾಗಿ ಅಂಟಿಸುವಾಗ ಆನೆಯ ಕಣ್ಣು ಎರಡು ಸಲ ಮಿಟುಕಿತು. ಒಂಬತ್ತನೆಯ ಹಾಳೆ ಬಾಲದ ತುದಿಗೆ ಸರಿಯಾಗಿ ಮುಟ್ಟಿತು. ಕಣ್ಣು ಮತ್ತೆ ಕಲ್ಲಾಯಿತು.

ಮಾರಂಡ ಹೊಟ್ಟೆ ಸವರುವುದನ್ನು ನಿಲ್ಲಿಸಿದ.

ಎರಡನೆಯ ಪರೀಕ್ಷೆ ಗುಹೆಯೊಳಗೆ. ಬಾಗಿಲಲ್ಲಿ ಬೆಕ್ಕಿನಷ್ಟು ಪುಟ್ಟ ಮಾಯಾಹುಲಿ ಮಲಗಿತ್ತು. ಹಿಂದೆ ಕಪ್ಪು ಪರದೆ, ಪರದೆಯ ಆಚೆ ಯಾವುದೋ ದೊಡ್ಡ ಉಸಿರು.

"ಒಳಗಿರೋದು ಇದರ ತದ್ರೂಪಿ. ನೋಡೋ ಹಾಗಿಲ್ಲ. ಈ ಮರಿಯ ಮೈಗೆ ಬಿಗಿಯಾಗಿ ಹೊದಿಸೋಕೆ ಒಂದು ತುಂಡು ಬಟ್ಟೆ ಸಾಕು, ಅದಕ್ಕೆ ಹದಿನಾರು ಬೇಕು. ಈ ಮರಿಯ ಹೊಟ್ಟೆ ಒಂದು ಸೇರು ಹಾಲಿಗೆ ತುಂಬುತ್ತೆ. ಅದರ ಹೊಟ್ಟೆ ತುಂಬೋಷ್ಟು ಈ ಕಲ್ಲಿನ ದೋಣಿಗೆ ಹುಯ್ಯಿ. ಕಡಿಮೆಯಾದರೆ ಹಸಿವಿಗೆ ತಿನ್ನುತ್ತೆ, ಹೆಚ್ಚಾದರೆ ಸಿಟ್ಟಿಗೆ ತಿನ್ನುತ್ತೆ."

ಬಾಚಲೆ ಪಕ್ಕದ ಹಾಲಿನ ಕೊಪ್ಪರಿಗೆಯ ಮೇಲಿದ್ದ ಸೇರು ಕೈಗೆತ್ತಿಕೊಂಡಳು. ಹಾಲು ಕಲ್ಲಿನ ದೋಣಿಯಲ್ಲಿ ಹರಿದು ಪರದೆಯ ಆಚೆ ಹೋಗುತ್ತಿತ್ತು. ಹದಿನಾರು ಸೇರು ಆದಾಗ ಮಾರಂಡ, "ಬಟ್ಟೆ ಹದಿನಾರು, ಹಾಲು ಹದಿನಾರು. ಸಾಕಲ್ಲವೇನಮ್ಮ?" ಎಂದ, ಬೆಣ್ಣೆಯಂಥ ದನಿಯಲ್ಲಿ.

ಅವಳು ಕೈ ನಿಲ್ಲಿಸಲಿಲ್ಲ. ಬಟ್ಟೆ ಹದಿನಾರಾದರೆ ಮೈಯ ಅಳತೆ ನಾಲ್ಕು ಪಟ್ಟು, ನಾಲ್ಕು ನಾಲ್ಕಲಿ ಹದಿನಾರು. ಹೊಟ್ಟೆಗೆ ಉದ್ದ ಅಗಲದ ಜೊತೆಗೆ ಆಳವೂ ಉಂಟಲ್ಲ. ಹದಿನಾರನ್ನು ಇನ್ನೊಂದು ಸಲ ನಾಲ್ಕರಿಂದ ಗುಣಿಸಬೇಕು. ಅರವತ್ತನಾಲ್ಕು. ತೋಳು ಸೋತಿತು, ಬೆವರು ಕಣ್ಣಿಗಿಳಿಯಿತು. ನಲವತ್ತರಲ್ಲಿ ಪರದೆಯ ಆಚೆ ಗುರುಗುಟ್ಟಿದ ಸದ್ದು. ಐವತ್ತೈದರಲ್ಲಿ ಪರದೆಯ ಅಡಿಯಿಂದ ಒಂದು ಪಂಜ ಹೊರಬಂದು ಅವಳ ಸೀರೆಯ ಅಂಚನ್ನು ಒತ್ತಿ ಹಿಡಿಯಿತು. ಅರವತ್ತನಾಲ್ಕು ಹುಯ್ದು ಸೇರನ್ನು ಬೋರಲು ಹಾಕಿದಳು. ಪಂಜ ಸಡಿಲವಾಯಿತು. ಆಚೆಯಿಂದ ಗೊರಕೆ ಕೇಳಿಸಿತು.

ಓಡಿಬಂದು ಪಂಜರ ನೋಡಿದಳು. ಈಚಣ್ಣ ನಡುಗುವುದನ್ನು ನಿಲ್ಲಿಸಿದ್ದ. ಅದು ಒಳ್ಳೆಯದಲ್ಲ ಎಂದು ಅವಳಿಗೆ ಗೊತ್ತು.

"ಅಣ್ಣ."

"ನಿದ್ದೆ ಬರ್ತಿದೆ ಬಾಚೀ," ಎಂದ ಅವನು. ಅವಳು ಮಾರಂಡನ ಕಡೆ ತಿರುಗಿದಳು. "ಮೂರನೆಯದು ಹೇಳಯ್ಯ," ಎಂದಳು.

ಮಾರಂಡನ ಮುಖ ಕಪ್ಪಿಟ್ಟಿತ್ತು. "ಲೆಕ್ಕ ಸಾಕು. ಇಷ್ಟು ದಿನ ಬೇರೆಯವರನ್ನು ಕುಗ್ಗಿಸಿದೆ, ಈಗ ನಾನೇ ಬೆಳೀತೀನಿ. ಎಷ್ಟು ಪಟ್ಟು ಅಂತ ನೀನೇ ಹೇಳು. ಆಮೇಲೆ ಒಂದೇ ಒಂದು ಸಲ ಒದೀತೀನಿ. ಕದಲದೆ ನಿಂತು ಉಳಿದರೆ ಗೆದ್ದೆ."

ಪಂಜರಗಳೆಲ್ಲ ಕೀಚುಗುಟ್ಟಿದವು. "ಒಂದೇ ಪಟ್ಟು ಅನ್ನಮ್ಮ. ಬೆಳೀಬೇಡ ಅನ್ನು," ಎಂದು ಅರಸನ ಮಕ್ಕಳು ಗೋಗರೆದರು.

ಬಾಚಲೆಗೆ ಅಪ್ಪ ನೆನಪಾದ. ಒಮ್ಮೆ ಅವನು ಹಳೆಯ ಗಂಟೆಯ ಎರಡು ಪಟ್ಟು ಎತ್ತರದ ಗಂಟೆ ಎರೆದಿದ್ದ. ತೂಗುಹಾಕುವ ಕೊಂಡಿಯನ್ನೂ ಎರಡು ಪಟ್ಟು ದಪ್ಪ ಮಾಡಿ, ಸರಿಯಾಯಿತು ಎಂದುಕೊಂಡ. ಗಂಟೆಯ ತೂಕ ಎಂಟು ಪಟ್ಟಾಗಿತ್ತು. ಕೊಂಡಿಯನ್ನು ಅಡ್ಡ ಕೊಯ್ದರೆ ಕಾಣುವ ಮುಖ ನಾಲ್ಕೇ ಪಟ್ಟಾಗಿತ್ತು. ಕೊಂಡಿ ತಡೆಯಲಿಲ್ಲ. ಅಪ್ಪನ ಕಾಲಿನ ಎರಡು ಬೆರಳು ಹೋದದ್ದು ಹಾಗೆ.

"ಹತ್ತು ಪಟ್ಟು ಬೆಳಿ," ಎಂದಳು.

ಮಾರಂಡ ನಕ್ಕ. ಬೆತ್ತವನ್ನು ತನ್ನ ನೆತ್ತಿಗೆ ತಾಗಿಸಿಕೊಂಡ. ಮೊದಲು ಮರದಷ್ಟಾದ, ಆಮೇಲೆ ಕೋಟೆಯ ಬುರುಜಿನಷ್ಟಾದ. ಅವನ ನೆರಳು ಗುಡ್ಡವನ್ನೆಲ್ಲ ಮುಚ್ಚಿತು. ನೂರು ಆಳಿನ ಕಾಲುಗಳಷ್ಟು ದಪ್ಪದ ಮೂಳೆ, ಅದರ ಮೇಲೆ ಸಾವಿರ ಆಳಿನ ಭಾರ. ಎರಡು ಕಾಲಿನ ಮೇಲೆ ನಿಂತಾಗಲೇ ಅವನ ನಗು ನಿಂತು ಹುಬ್ಬು ಗಂಟಿಕ್ಕಿತು, ಮೊಣಕಾಲು ಅದುರಿತು. ಆದರೆ ಜಂಬ ಯಾರ ಮಾತು ಕೇಳುತ್ತದೆ? ಒದೆಯಲೆಂದು ಬಲಗಾಲನ್ನು ಎತ್ತಿದ.

ಪಾದ ಅವಳ ನೆತ್ತಿಯ ಮೇಲೆ ಬಂತು. ಅಂಗಾಲಿನ ಬಿರುಕುಗಳೂ ಅವಳಿಗೆ ಕಾಣುತ್ತಿದ್ದವು. ಓಡು ಓಡು ಎಂದು ಮೈಯ ಒಂದೊಂದು ಕೂದಲೂ ಹೇಳಿತು. ಅವಳು ಕದಲಲಿಲ್ಲ.

ಬೊಂಬು ಸೀಳಿದಂಥ ಸದ್ದಾಯಿತು. ಮಾರಂಡನ ಎಡಗಾಲು ಮುರಿದು, ಅವನು ಹಿಮ್ಮುಖವಾಗಿ ಗುಡ್ಡದ ಆಚೆ ಉರುಳಿದ. ಬೆತ್ತ ಅವನ ಬೆನ್ನ ಕೆಳಗೇ ಸಿಕ್ಕಿ ನುಚ್ಚುನೂರಾಯಿತು. ಮಾಡಿದ್ದುಣ್ಣೋ ಮಹರಾಯ! ಬೆತ್ತ ಹೋದ ಮೇಲೆ ಮಾಂತ್ರಿಕನೂ ಉಳಿಯಲಿಲ್ಲ. ಬಿದ್ದಲ್ಲೇ ಮಣ್ಣಿನ ದಿಬ್ಬವಾದ.

ನೆಲ ಅದುರಿದ್ದಕ್ಕೆ ಹಲಗೆ ಮುರಿದು ಪಂಜರಗಳೆಲ್ಲ ಕೆಳಗೆ ಬಿದ್ದವು. ಮರದಿಂದ ಬಿದ್ದ ಇರುವೆಗೆ ಏನಾಗುತ್ತದೆ? ಅಷ್ಟು ಹಗುರಾದವರಿಗೂ ಏನೂ ಆಗಲಿಲ್ಲ. ಪಂಜರ ಸಿಡಿಸಿಕೊಂಡು ದಳವಾಯಿಗಳು ಬೆಳೆದರು, ಅರಸನ ಮಕ್ಕಳು ಬೆಳೆದರು. ಸದ್ದಿಲ್ಲದೆ ಬಿದ್ದಿದ್ದ ನಾಲ್ವರೂ ಸತ್ತಿರಲಿಲ್ಲ, ಮಂತ್ರದ ನಿದ್ದೆಯಲ್ಲಿದ್ದರು; ಮಂತ್ರ ಬಿಟ್ಟ ಕೂಡಲೇ ಆಕಳಿಸಿ ಎದ್ದರು.

ಈಚಣ್ಣ ಮಾತ್ರ ಚಳಿಗೆ ಸೆಟೆದು, ಬೆಳೆದರೂ ಏಳಲಿಲ್ಲ. ಬಾಚಲೆ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಗೈ ಉಜ್ಜಿದಳು, ಅಂಗಾಲು ಉಜ್ಜಿದಳು, ಎದೆ ಉಜ್ಜಿದಳು. ಅರಸನ ಹಿರಿಮಗ ತನ್ನ ಶಾಲು ಹೊದಿಸಿದ. ಬಹಳ ಹೊತ್ತಿನ ಮೇಲೆ ಈಚಣ್ಣನ ಹಲ್ಲು ಮತ್ತೆ ಕಟಕಟ ಎನ್ನತೊಡಗಿತು. ಆ ಸದ್ದು ಕೇಳಿ ಅವಳು ಇಷ್ಟು ಹೊತ್ತು ತಡೆದಿದ್ದನ್ನೆಲ್ಲ ಅತ್ತುಬಿಟ್ಟಳು.

"ಯಾಕೆ ಅಳ್ತೀಯೆ?" ಎಂದ ಅವನು. "ಚಳಿ ಆಗ್ತಿರೋದು ನನಗೆ."

ಅರಸ ಅವಳಿಗೆ ಊರು ಕೊಟ್ಟ, ಉಡುಗೊರೆ ಕೊಟ್ಟ. ಈಚಣ್ಣ ಕತ್ತಿಯನ್ನು ಕರಗಿಸಲು ಹಾಕಿ, ಕುಲುಮೆಯ ಮುಂದೆ ತಿದಿ ಒತ್ತುತ್ತಾ ಕೂತ. ಆ ಬಿಸಿ ಅವನಿಗೆ ಆಮೇಲೆ ಒಂದು ದಿನವೂ ಬೇಸರವಾಗಲಿಲ್ಲ. ಅವರೆಲ್ಲ ಅಲ್ಲಿ ಬೆಚ್ಚಗಿದ್ದರು. ಕತೆ ಕೇಳಿದ ನೀವೂ ಬೆಚ್ಚಗಿರಿ.