ಇಪ್ಪತ್ತು ನಿಮಿಷದ ಹಾರಾಟ

ಒಂದಾನೊಂದು ಊರಿನಲ್ಲಿ ಒಬ್ಬ ಅವ್ವ ಇದ್ದಳಂತೆ. ಆಕೆಯ ಮಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹಾರುತ್ತಿದ್ದಳಂತೆ. ಅಜ್ಜಿ ಹೇಳಿದ್ದರೆ ನಂಬಿ ನಿದ್ದೆ ಹೋಗಬಹುದಿತ್ತು. ಆದರೆ ಆ ಅವ್ವ ಫೆಬ್ರುವರಿ ಮೂರರ ಬೆಳಿಗ್ಗೆ ಸಿರುಗುಪ್ಪ ಠಾಣೆಯ ಬೆಂಚಿನ ಮೇಲೆ, ಮಡಿಲಲ್ಲೊಂದು ಗಂಟಿಟ್ಟುಕೊಂಡು ಕೂತಿದ್ದಳು.

ಹೆಸರು ಕೊಟ್ರಬಸಮ್ಮ, ಊರು ಕೆಂಚನಗುಡ್ಡ. ಮಗಳು ಗಂಗೋತ್ರಿ ನರ್ಸು, ಮದುವೆಯಾಗಿ ಕುರುಗೋಡು ಸೇರಿದವಳು. ಸ್ಪೇನಿನಲ್ಲಿ ಕೆಲಸ ಸಿಕ್ಕು ತಿಂಗಳ ಹಿಂದೆ ವಿಮಾನ ಹತ್ತಿದಳೆಂದು ಅಳಿಯ ಉಮಾಪತಿ ಹೇಳಿದ್ದ. ಅಂದಿನಿಂದ ಮೆಸೇಜು ಮಾತ್ರ, ದನಿಯಿಲ್ಲ.

"ಹೋದಾಕಿ ಮ್ಯಾಲ ದೂರು ಯಾಕವ್ವ?" ಇನ್‌ಸ್ಪೆಕ್ಟರ್ ವಿಜಯಲಕ್ಷ್ಮಿ ಕೇಳಿದರು.

"ಉಡಿ ತುಂಬಿಸ್ಕೊಳ್ಳದ ಹೋಗ್ಯಾಳಂತ್ರಿ. ಬಳ್ಳಾರಿಗೆ ಪರೀಕ್ಷಿ ಬರಿಯಾಕ ಹೊಂಟ್ರೂ ನನ್ನ ಮುಂದ ಸೆರಗು ಒಡ್ಡಾಕಿ. ಏಳು ಸಮುದ್ರ ದಾಟೋ ಮುಂದ ಮರೀತಾಳೇನ್ರಿ?" ಗಂಟು ಬಿಚ್ಚಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಹಸಿರು ಖಣ. "ಒಂದ್ಸಲ ಆಕಿನ್ನ ನನ್ನ ಮುಂದ ತರ್ರಿ. ತುಂಬಿ ಕಳಸ್ತೀನಿ."

"ತರ್ತೀನವ್ವ." ಅಂದ ಮೇಲೆ ಯಾಕೆ ಅಂದೆನೋ ಎಂದು ವಿಜಯಲಕ್ಷ್ಮಿಗೆ ಅಳುಕಾಯಿತು.

ಕಾನ್‌ಸ್ಟೆಬಲ್ ಗಾದಿಲಿಂಗ ಮುದುಕಿಯ ಫೋನಿನಲ್ಲಿದ್ದ ಮೆಸೇಜು ಓದಿದ: "ಅವ್ವಾ, ಮ್ಯಾಡ್ರಿಡ್‌ನಿಂದ ಲಿಸ್ಬನ್‌ಗೆ ಬಂದೆ. ಇಪ್ಪತ್ತೇ ನಿಮಿಷದ ಹಾರಾಟ." ನಕ್ಕ. "ಇಪ್ಪತ್ತ ನಿಮಿಷದಾಗ ನಮ್ಮ ಜೀಪು ಸ್ಟಾರ್ಟೂ ಆಗಂಗಿಲ್ರಿ ಮೇಡಂ. ಈಕಿ ದೇಶಾನ ದಾಟ್ಯಾಳ!"

"ಹಲ್ಲು ಕಿಸೀಬ್ಯಾಡ. ಎಷ್ಟು ದೂರ ನೋಡು."

ಸುಮಾರು ಐನೂರು ಕಿಲೋಮೀಟರ್. ವಿಮಾನಕ್ಕೆ ಒಂದು ತಾಸಿಗೂ ಮಿಕ್ಕಿ ಬೇಕು. ಗಾದಿಲಿಂಗನ ನಗು ನಿಂತಿತು.

ಎಫ್‌ಐಆರ್ ದಾಖಲಾಯಿತು. ಗಂಗೋತ್ರಿಯ ಫೋನಿನ ವಿವರ ಎರಡು ದಿನಕ್ಕೆ ಬಂತು. ಫೋನು ಕುರುಗೋಡಿನ ಟವರ್ ಬಿಟ್ಟು ಕದಲಿರಲಿಲ್ಲ.

ಐದರಂದು ಉಮಾಪತಿಯ ಮನೆ. ಹಿತ್ತಲಲ್ಲಿ ಹೊಸದಾಗಿ ಹಾಸಿದ ಕಡಪಾ ಕಲ್ಲುಗಳು.

"ಲಿಸ್ಬನ್‌ಗೆ ಎಷ್ಟೊತ್ತಿನ ಹಾದಿ?" ವಿಜಯಲಕ್ಷ್ಮಿ ಕೇಳಿದರು.

"ಇಪ್ಪತ್ತ ನಿಮಿಷ್ರಿ. ಹತ್ತಕ್ಕ ಬಿಟ್ರ ಹತ್ತೂ ಇಪ್ಪತ್ತಕ್ಕ ಮುಟ್ಟತೈತಿ."

"ಯಾರು ಹೇಳಿದ್ರು?"

"ಟೈಮ್ ಟೇಬಲ್‌ನ್ಯಾಗ ಐತಲ್ರಿ."

"ಮ್ಯಾಡ್ರಿಡ್‌ಗಿಂತ ಲಿಸ್ಬನ್ ಗಡಿಯಾರ ಒಂದು ತಾಸು ಹಿಂದ ಓಡತೈತಿ ಉಮಾಪತಿ. ವಿಮಾನದಾಗ ಕುಂತಾಕಿಗೆ ಆ ತಾಸು ಗೊತ್ತಿರ್ತಿತ್ತು. ಟೈಮ್ ಟೇಬಲ್ ನೋಡಿ ಬರದಾಂವಗ ಗೊತ್ತಾಗಿಲ್ಲ."

ಅವನ ಕಣ್ಣು ಹಿತ್ತಲ ಕಡೆ ಹೋಗಿ ಬಂತು.

ತಹಸೀಲ್ದಾರರ ಎದುರು ಕಲ್ಲು ಎಬ್ಬಿಸಿದರು. ಕೆಳಗೆ ಗಂಗೋತ್ರಿಯ ಶವ ಸಿಕ್ಕಿತು. ಪಂಚನಾಮೆಗೆ ಪಂಚರು ಮೂಗು ಮುಚ್ಚಿಕೊಂಡು ಸಹಿ ಹಾಕಿದರು. ಸಂಜೆ ನಾಲ್ಕಕ್ಕೆ ಬಂಧನ.

ಜೀಪಿನಲ್ಲಿ ಅವನೇ ಬಾಯಿಬಿಟ್ಟ. "ಅಷ್ಟು ದೂರ ಹೋದಾಕಿ ತಿರುಗಿ ಬರಂಗಿಲ್ಲ ಅನಿಸ್ತ್ರಿ. ಹೋಗಬ್ಯಾಡ ಅಂದೆ, ಕೇಳಲಿಲ್ಲ. ಕುತ್ತಿಗಿ ಹಿಡದೆ." ಹೊರಗಿನ ಹಾದಿ ನೋಡುತ್ತ, "ಆಮ್ಯಾಲ ದಿನಾ ನಾನ ಆಕಿನ್ನ ಒಂದೊಂದು ಊರಿಗೆ ಕಳಸ್ತಿದ್ದೆ. ಬರೀತ ಬರೀತ ಆಕಿ ಖರೇನ ಹೋಗ್ಯಾಳ ಅನಿಸ್ತಿತ್ತು," ಎಂದ.

ಮರುದಿನ ಬಳ್ಳಾರಿಯ ಶವಾಗಾರಕ್ಕೆ ವಿಜಯಲಕ್ಷ್ಮಿ ಕೊಟ್ರಬಸಮ್ಮನ ಕೈ ಹಿಡಿದು ಕರೆತಂದರು. ಕೊಟ್ಟ ಮಾತು ಹೀಗೆ ತೀರುತ್ತದೆಂದು ಅಂದುಕೊಂಡಿರಲಿಲ್ಲ. ಮುದುಕಿ ಮಗಳಿಗೆ ಹೊದಿಸಿದ್ದ ಬಿಳಿ ಬಟ್ಟೆಯ ಮೇಲೆ ಖಣ ಹಾಸಿದಳು, ಕೊಬ್ಬರಿ, ಅರಿಶಿನ ಕೊಂಬು ಇಟ್ಟಳು, ಬೊಗಸೆ ಬೊಗಸೆ ಅಕ್ಕಿ ಸುರಿದಳು. ಒಂದು ಕಾಳೂ ಚೆಲ್ಲಲಿಲ್ಲ.

"ಈಗ ಹೋಗಿ ಬಾರವ್ವ," ಎಂದಳು.